ಅರ್ಧ ಚಟ

ಕುಡಿತ ಬಿಡಿಸುವ ಸಂಘ ಎಲ್ಲಿದೆಯೆಂದು ಮೂರು ಕಡೆ ಕೇಳಿಕೊಂಡು, ಮೆಕ್ಯಾನಿಕ್ ತಿಪ್ಪೇಸ್ವಾಮಿ ಕೊನೆಗೂ ಹಿಟ್ಟಿನ ಗಿರಣಿಯ ಮಹಡಿ ಹತ್ತಿದ. ಅಲ್ಲಿ ಮಾಡುವುದು ಎಲ್ಲರಿಗೂ ಗೊತ್ತಿದ್ದದ್ದೇ: ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಒಬ್ಬನ ಚಟವನ್ನು ಒಪ್ಪಿದವರಿಗೆ ಹಂಚುತ್ತಾರೆ. ಹಾಗೆ ಚಟ ಹೊತ್ತವರು ಕುಡಿಯದೆಯೇ ಸಂಜೆಯಾದರೆ ನಡುಗುತ್ತಾರೆ.

ಅವನ ಮಣಿಕಟ್ಟಿಗೆ ಪಟ್ಟಿ ಕಟ್ಟಿದ ಸಂಘದ ಹಿರಿಯ ಹುಬ್ಬೇರಿಸಿದ. "ನಿಮ್ದು ಅರ್ಧ ಆಗ್ಲೇ ಒಬ್ರು ಹೊತ್ಕೊಂಡವ್ರೆ. ನೀವು ಕುಡಿದು ಬಿದ್ದಿದ್ದಾಗ ಪಟ್ಟಿ ಕಟ್ಟಿರ್ಬೇಕು. ಮೂರು ವರ್ಷ ಆಗೈತೆ."

"ಯಾರು?"

"ಹೆಸರು ಹೇಳಂಗಿಲ್ಲ. ಹೆಣ್ಮಗಳು."

ತಿಪ್ಪೇಸ್ವಾಮಿಗೆ ಅಳುವೂ ಬರಲಿಲ್ಲ. ನಿನ್ನೆ ಸಂಜೆ ಸಾರು ಚೆಲ್ಲಿದ ಹೆಂಡತಿ ಬೋರಮ್ಮನಿಗೆ "ಕುಡುಕರ ಹಂಗೆ ಯಾಕೆ ಕೈ ನಡುಗಿಸ್ತೀಯ?" ಎಂದು ಗದರಿದ್ದು ನೆನಪಾಯಿತು, ಅಷ್ಟೆ.

"ಹಂಚೋದು ಆಮೇಲೆ," ಅಂದ. "ಮೊದ್ಲು ಅವಳ ಹತ್ರ ಇರೋ ಅರ್ಧಾನ ನನಗೇ ವಾಪಸ್ ಹಾಕ್ರಿ."