ಟ್ಯಾಂಕಿನೊಳಗಿನ ಬೆಕ್ಕು

ಕಾಲೇಜಿನ ನೀರಿನ ಟ್ಯಾಂಕಿನಲ್ಲಿ ಬೆಕ್ಕೊಂದು ಸತ್ತು ಬಿದ್ದಿದೆ ಎಂದು ಪತ್ರಿಕೋದ್ಯಮದ ವಿದ್ಯಾರ್ಥಿನಿ ರೂಪಶ್ರೀ ಹೆಸರು ಹಾಕದೆ ಬ್ಲಾಗಿನಲ್ಲಿ ಬರೆದಳು. ಮರುದಿನವೇ ಮೇಷ್ಟ್ರು ತರಗತಿಗೆ ತನಿಖಾ ವರದಿಯ ಅಸೈನ್‌ಮೆಂಟ್ ಕೊಟ್ಟರು.

"ಇದನ್ನ ಬರೆದೋರು ಯಾರು ಅಂತ ಪತ್ತೆ ಹಚ್ಚಿ."

"ಟ್ಯಾಂಕ್ ಹತ್ತಿ ನೋಡೋದು ಬೇಡ್ವಾ ಸಾರ್?" ಎಂದಳು ರೂಪಶ್ರೀ.

"ಅದು ಪ್ಲಂಬರ್ ಕೆಲಸ ಕಣಮ್ಮ. ನಾವು ಪತ್ರಕರ್ತರು."

ಸಹಪಾಠಿಗಳು ವಾರದೊಳಗೆ ಅವಳನ್ನೇ ಹಿಡಿದುಕೊಟ್ಟರು. ಅವರಿಗೆಲ್ಲ ಪೂರ್ತಿ ಅಂಕ ಸಿಕ್ಕಿತು.

"ಸುಳ್ಳು ಸುದ್ದಿ ಹಬ್ಬಿಸ್ತೀಯಾ? ಇಲ್ಲಿನ ನೀರು ಎಳನೀರಿದ್ದ ಹಾಗಿದೆ!" ಮೇಷ್ಟ್ರು ಗಂಟಲು ಒಣಗುವವರೆಗೂ ಬೈದರು.

ರೂಪಶ್ರೀ ತಲೆ ತಗ್ಗಿಸಿಕೊಂಡೇ ಹೋಗಿ, ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ತಂದು ಅವರ ಮುಂದಿಟ್ಟಳು.

ಮೇಷ್ಟ್ರು ಲೋಟವನ್ನು ಪಕ್ಕಕ್ಕೆ ಸರಿಸಿ, ಚೀಲದಿಂದ ಮನೆಯ ನೀರಿನ ಬಾಟಲಿ ತೆಗೆದರು.