ಹದಿನೈದರಲ್ಲಿ ನಿಂತ ಮುಳ್ಳು

“ಅಣ್ಣಾ, ಇನ್ನೂ ಸ್ವಿಚ್ಚೇ ಹಾಕಿಲ್ಲ, ಒತ್ತಡದ ಮುಳ್ಳು ಹೇಗೆ ಹದಿನೈದರಲ್ಲಿ ನಿಂತಿದೆ?”

ಹೊಸ ನರ್ಸು ಹೀಗೆ ಕೇಳಿದಾಗ, ಆಪರೇಷನ್ನಿನ ಕತ್ತರಿ ಚಿಮಟಗಳನ್ನು ಹಬೆಪೆಟ್ಟಿಗೆಯಲ್ಲಿ ಬೇಯಿಸಿಕೊಡುವ ಅಟೆಂಡರ್ ನಕ್ಕುಬಿಟ್ಟ. “ಬಂದು ಮೂರು ದಿನ ಆಗಿಲ್ಲ, ಆಗ್ಲೇ ಇನ್‌ಸ್ಪೆಕ್ಟರಮ್ಮ ಆಗ್ಬಿಟ್ರಾ ಸಿಸ್ಟರ್? ಎಂಟು ವರ್ಷದಿಂದ ನೋಡ್ತಿದ್ದೀನಿ, ಅದು ಹದಿನೈದು ಬಿಟ್ಟು ಅಲ್ಲಾಡಿದ್ದೇ ಇಲ್ಲ. ಅಂಥಾ ಗಟ್ಟಿ ಮಷೀನು!” ತನ್ನ ಮಾತು ತನ್ನ ಕಿವಿಗೇ ಬಿದ್ದದ್ದೇ ತಡ, ನಗು ಅಲ್ಲೇ ನಿಂತಿತು. ಪೆಟ್ಟಿಗೆಯ ಮೇಲೆ ಕೈಯಿಟ್ಟ. ತಣ್ಣಗಿತ್ತು.

ಆಕೆ ಗಾಜಿನ ಮೇಲೆ ಉಗುರಿನಿಂದ ತಟ್ಟಿದಳು. ಮುಳ್ಳು ಒಮ್ಮೆ ನಡುಗಿ ಸೊನ್ನೆಗೆ ಬಿತ್ತು. ಸ್ವಿಚ್ ಹಾಕಿ ಮುಕ್ಕಾಲು ಗಂಟೆ ಕಾದರೂ ಅದು ಆರನ್ನು ದಾಟಲಿಲ್ಲ. “ಹದಿನೈದಕ್ಕೆ ಏರದಿದ್ರೆ ರೋಗಾಣು ಸಾಯಲ್ಲ ಅಣ್ಣಾ,” ಎಂದಳು, ಮೆಲ್ಲಗೆ. “ಇಷ್ಟು ವರ್ಷ ಯಾರೂ ಕೇಳಲೇ ಇಲ್ವಾ?”

ಒಬ್ಬಳು ಕೇಳಿದ್ದಳು. ಎರಡು ವರ್ಷದ ಹಿಂದೆ, ಇದೇ ಆಸ್ಪತ್ರೆಯಲ್ಲಿ, ಹೊಟ್ಟೆಯ ಹೊಲಿಗೆ ಕೀವುಗಟ್ಟಿ ಜ್ವರದಲ್ಲಿ ಮಲಗಿದ್ದ ಅವನ ಹೆಂಡತಿ. “ರೀ, ನಿಮ್ಮ ಪೆಟ್ಟಿಗೆ ಸರಿಯಾಗಿ ಕಾಯುತ್ತಾ, ಒಂದ್ಸಲ ನೋಡ್ಬಾರ್ದಾ?” ಎಂದಿದ್ದಳು. “ಅಕ್ಷರ ಬರದೋಳು ನನಗೆ ಕೆಲಸ ಕಲಿಸ್ತೀಯಾ? ಬಾಯ್ಮುಚ್ಕೊಂಡು ಮಲಗು!” ಎಂದು ವಾರ್ಡಿಗೆಲ್ಲ ಕೇಳುವಂತೆ ಗದರಿದ್ದ. ಪಕ್ಕದ ಹಾಸಿಗೆಯವರು ನಕ್ಕಿದ್ದರು. ಅವಳು ಮತ್ತೇನೂ ಕೇಳಲಿಲ್ಲ. ನಾಲ್ಕನೆಯ ದಿನ ತೀರಿಕೊಂಡಳು.

ನರ್ಸು ಇನ್ನೂ ಅವನ ಮುಖವನ್ನೇ ನೋಡುತ್ತಿದ್ದಳು.

“ಇಲ್ಲ ಸಿಸ್ಟರ್,” ಎಂದ. “ಯಾರೂ ಕೇಳಿಲ್ಲ.”