ಟೇಪಿಗೆ ಸಿಗದ ಮಗಳು

ಹೊಲಿಗೆ ಮೆಷಿನ್ನಿಗೆ ಫೋನ್ ಒರಗಿಸಿಟ್ಟುಕೊಂಡು ಜಯಶೀಲಾ ಕಾಯುತ್ತಿದ್ದಳು...

ಮಂಡ್ಯದ ಆ ಪುಟ್ಟ ಮನೆಯ ಮಗಳು, ಹತ್ತೊಂಬತ್ತರ ಧನುಶ್ರೀ, ಇಂದು ಥಾಯ್ಲೆಂಡಿನಲ್ಲಿ ಇಂಡಿಯಾ ಪರವಾಗಿ ಮೊದಲ ಬ್ಯಾಸ್ಕೆಟ್‌ಬಾಲ್ ಮ್ಯಾಚ್ ಆಡುವವಳಿದ್ದಳು.

ಆದರೆ ತಾಯಿಯ ಎದೆಯಲ್ಲಿ ಭಾನುವಾರವೇ ಕೂತಿತ್ತು.

ಅಂದು ಗಂಡಿನ ಕಡೆಯವರು ಬರುತ್ತಾರೆ. ಒಪ್ಪಿದರೆ ಆಟ ಇಲ್ಲಿಗೇ ಮುಗಿಯಿತು ಎಂದು ಮನೆಯಲ್ಲಿ ಮಾತಾಗಿತ್ತು. ಮಗಳು ಎದುರಾಡಿರಲಿಲ್ಲ...

ಮದುವೆ ಬ್ರೋಕರ್‌ಗೆ ಕೊಟ್ಟ ಬಯೋಡೇಟಾದಲ್ಲಿ ಎತ್ತರ ಐದು ಅಡಿ ಎಂಟು ಅಂಗುಲ ಎಂದು ಬರೆದವಳು ಜಯಶೀಲಾಳೇ. ಫೋಟೋ ತೆಗೆಯುವಾಗ ಹುಡುಗಿ ಸೀರೆಯೊಳಗೆ ಮಂಡಿ ಮಡಚಿ ನಿಂತಿದ್ದಳು.

ಪರದೆಯ ಮೇಲೆ ಆಟಗಾರ್ತಿಯರ ಹೆಸರು ಬಂತು. ಧನುಶ್ರೀ, 188 ಸೆಂಟಿಮೀಟರ್.

"ಹಂಗಂದ್ರೆ ಎಷ್ಟು ಅತ್ಗೆ?" ಪಕ್ಕದಲ್ಲಿದ್ದ ನಾದಿನಿ ಕೆಂಪಾಜಮ್ಮ ಕೇಳಿದಳು.

ಜಯಶೀಲಾ ಕೊರಳಲ್ಲಿದ್ದ ಟೇಪು ತಿರುಗಿಸಿ ನೋಡಿದಳು. ಅದು ನೂರೈವತ್ತಕ್ಕೇ ಮುಗಿದುಹೋಗಿತ್ತು...

"ಲೋಕಕ್ಕೆಲ್ಲ ಕಾಣಂಗೆ ಹಾಕವ್ರಲ್ಲ. ಗಂಡಿನೋರು ನೋಡುದ್ರೆ ಏನ್ ಗತಿ?" ಎಂದಳು ಜಯಶೀಲಾ.

ಅಷ್ಟರಲ್ಲಿ ರಾಷ್ಟ್ರಗೀತೆ ಶುರುವಾಯಿತು. ಹನ್ನೊಂದು ಹುಡುಗಿಯರು ನೆಟ್ಟಗೆ ನಿಂತಿದ್ದರು.

ಧನುಶ್ರೀ ಮಾತ್ರ ಭುಜ ಇಳಿಬಿಟ್ಟು, ಮಂಡಿ ಮಡಚಿ ನಿಂತಿದ್ದಳು. ಮುಚ್ಚಲು ಸೀರೆಯೂ ಇರಲಿಲ್ಲ...

"ಭಯ ಅಂತ ಕಾಣ್ತದೆ," ಎಂದಳು ಕೆಂಪಾಜಮ್ಮ.

ಅದು ಭಯವಲ್ಲ ಎಂದು ತಾಯಿಗೆ ಗೊತ್ತಿತ್ತು. ಏಳನೇ ಕ್ಲಾಸಿನಿಂದ ತಾನೇ ಹೇಳಿಕೊಟ್ಟ ಪಾಠ ಅದು. ಬಗ್ಗು, ನೆಂಟರು ಬಂದಿದ್ದಾರೆ. ಬಗ್ಗು, ಜನ ನಗುತ್ತಾರೆ.

ರೆಫರಿ ಇಬ್ಬರ ನಡುವೆ ಎಸೆದ ಆಟದ ಮೊದಲ ಬಾಲ್ ಮೇಲಕ್ಕೆ ಹಾರಿತು. ಧನುಶ್ರೀಗಿಂತ ನಾಲ್ಕು ಬೆರಳು ಗಿಡ್ಡ ಇದ್ದ ಎದುರು ತಂಡದವಳು ಅದನ್ನು ತಟ್ಟಿಕೊಂಡು ಹೋದಳು. ನಾಲ್ಕೇ ನಿಮಿಷಕ್ಕೆ ಕೋಚ್ ಧನುಶ್ರೀಯನ್ನು ಹೊರಗೆ ಕೂರಿಸಿದರು. ಇಂಡಿಯಾ ಸೋತಿತು.

ಸಂಜೆ ಮಗಳ ಫೋನ್ ಬಂತು.

"ಬಾಲ್ ಮೇಲಕ್ಕೆ ಹೋದಾಗ ಕೈ ಏಳ್ಲೇ ಇಲ್ಲ ಕಣಮ್ಮ... ಹೋಗ್ಲಿ ಬುಡು. ಭಾನುವಾರಕ್ಕೆ ಬಂದ್ಬುಡ್ತೀನಿ. ಯಾವ ಸೀರೆ ಉಟ್ಕೊಳ್ಲಿ?"

ಜಯಶೀಲಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಸೀರೆ ವಿಷ್ಯ ಬುಡು ಮಗ. ನಾಳೆ ಮ್ಯಾಚಲ್ಲಿ ಮಂಡಿ ಮಡಚ್ಬೇಡ."

ಮಗಳ ದನಿ ತಗ್ಗಿತು.

"ನೋಡ್ಬುಟ್ಟಾ?"

"ಹೂಂ. ಕಲ್ಸ್ಕೊಟ್ಟೋಳು ನಾನೇ ಅಲ್ವಾ..." ಎನ್ನುವಷ್ಟರಲ್ಲಿ ಇಬ್ಬರೂ ಅಳುತ್ತಿದ್ದರು.

ಫೋನ್ ಇಟ್ಟವಳೇ ಬ್ರೋಕರ್‌ಗೆ ಮಾಡಿದಳು.

"ಬಯೋಡೇಟಾದಲ್ಲಿ ನಾನೊಂದು ಸುಳ್ಳು ಬರ್ದಿದ್ದೆ. ಆರಡಿ ಎರಡಂಗುಲ ಅಂತ ತಿದ್ಕೊಳ್ಳಿ. ಆಟ ಬಿಡೋದಿಲ್ಲ ಅಂತಾನೂ ಬರ್ಕೊಳ್ಳಿ."

"ಅಕ್ಕಾ, ಹಂಗಾದ್ರೆ ಅವ್ರು ಬರಾಕಿಲ್ಲ ಕಣಕ್ಕಾ."

"ಬರ್ದೇ ಇರ್ಲಿ ಬುಡಿ."

ಪಕ್ಕದಲ್ಲೇ ಕೇಳುತ್ತಿದ್ದ ಕೆಂಪಾಜಮ್ಮ ಮುಖ ತಿರುಗಿಸಿಕೊಂಡು ಎದ್ದುಹೋದಳು.

ಮರುದಿನದ ಮ್ಯಾಚಿಗೆ ಮಾತ್ರ ಬಂದು ಕೂತಳು.

ರಾಷ್ಟ್ರಗೀತೆಯ ಸಾಲಿನಲ್ಲಿ ಒಂದು ತಲೆ ಎಲ್ಲರಿಗಿಂತ ಮೇಲಿತ್ತು.

"ಅಯ್ಯೋ ಅತ್ಗೆ... ಎಷ್ಟುದ್ದ ಅವ್ಳೆ ನಮ್ಮುಡ್ಗಿ," ಎಂದಳು ಮೆಲ್ಲಗೆ.

ಆ ಮ್ಯಾಚನ್ನೂ ಸೋತರು. ಆದರೆ ಮೇಲಕ್ಕೆ ಹಾರಿದ ಮೊದಲ ಬಾಲ್ ಧನುಶ್ರೀಯ ಕೈಗೇ ಸಿಕ್ಕಿತ್ತು...

ಟೇಪು ಸಾಲದಿದ್ದರೆ ಕತ್ತರಿಸಬೇಕಾದದ್ದು ಮಗಳನ್ನಲ್ಲ.

ನಿಮ್ಮ ಮನೆಯ ಹುಡುಗಿಗೆ "ನೆಟ್ಟಗೆ ನಿಲ್ಲು" ಎಂದು ನೀವು ಕೊನೆಯ ಸಲ ಹೇಳಿದ್ದು ಯಾವಾಗ...?